ಸೋಲಿಗರ ಕಾಡು, ಸೋಲಿಗರ ಗ್ರಾಮಸಭೆ

ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಕಾಡಿನ ಆಡಳಿತವನ್ನು ಹೊರಗಿನವರು ಕಲಿಸಿಕೊಡಲಿಲ್ಲ. ಕುಲಗಳ ನಡುವೆ ಕಾಡನ್ನು ಎಲ್ಲೆಗಳಾಗಿ ಹಂಚಿಕೊಂಡಿದ್ದ ಅವರಲ್ಲಿ ಪೂಜೆ, ಬೇಸಾಯ, ನ್ಯಾಯ ಪಂಚಾಯಿತಿ ಎಲ್ಲವೂ ಪೋಡಿನ, ಅಂದರೆ ಅವರ ಊರಿನ, ಯಜಮಾನ ಮತ್ತು ಹಿರಿಯರ ಮುಂದೆ ತೀರ್ಮಾನವಾಗುತ್ತಿದ್ದವು. ಪ್ರತಿ ಎಲ್ಲೆಗೂ ತನ್ನದೇ ದೇವರು, ಮಾರಮ್ಮ, ವೀರು ಎಂಬ ಪೂಜಾಸ್ಥಳಗಳು, ಸತ್ತ ಹಿರಿಯರ ಕಲ್ಲುಗುಡಿ, ನೀರಿನ ಅಬ್ಬಿ ಇದ್ದವು. ನೆಲದ ಒಣ ಎಲೆಗೆ ತರಗು ಬೆಂಕಿ ಹಾಕುವುದಕ್ಕೂ ಕಾಲ ಗೊತ್ತಿತ್ತು. ರಂಗನಾಥ ಸೋಲಿಗರ ಹುಡುಗಿ ಕುಸುಮಾಲೆಯನ್ನು ಮದುವೆಯಾದ ಎಂದು ಅವರು ಕತೆ ಹೇಳುತ್ತಾರೆ. ಬೆಟ್ಟದ ದೇವರು ಅವರಿಗೆ ಭಾವ. ದೇವರನ್ನೇ ನೆಂಟನನ್ನಾಗಿ ಮಾಡಿಕೊಂಡ ಜನ ಇವರು.

ಹೊರಗಿನವರ ಒಪ್ಪಂದಗಳಿಗೆ ಈ ನೆಂಟಸ್ತಿಕೆ ಲೆಕ್ಕಕ್ಕೆ ಬರಲಿಲ್ಲ. 1799ರಲ್ಲಿ ಟಿಪ್ಪು ಮಡಿದ ಮೇಲೆ ನಡೆದ ಹಂಚಿಕೆಯಲ್ಲಿ ಕೊಳ್ಳೇಗಾಲದ ಸೀಮೆ ಕಂಪನಿಗೆ ಹೋಯಿತು, ಯಳಂದೂರು ಮೈಸೂರಿನಲ್ಲಿ ಉಳಿದು ಮುಂದೆ ದಿವಾನ್ ಪೂರ್ಣಯ್ಯನವರ ಜಹಗೀರಾಯಿತು. ಒಂದೇ ಬೆಟ್ಟಸಾಲು 1956ರವರೆಗೆ ಎರಡು ಆಡಳಿತಗಳ ನಡುವೆ ಹಂಚಿಹೋಗಿತ್ತು. ನ್ಯೂಜಿಲೆಂಡಿನ ಮಾವೊರಿ ನಾಯಕರು 1840ರ ವೈಟಾಂಗಿ ಒಪ್ಪಂದಕ್ಕೆ ತಾವೇ ರುಜು ಹಾಕಿದ್ದರು. ಆ ಕಾಗದ ಹಿಡಿದು ಅವರ ಮೊಮ್ಮಕ್ಕಳು ಇಂದಿಗೂ ಸರ್ಕಾರವನ್ನು ಪ್ರಶ್ನಿಸುತ್ತಾರೆ. ಸೋಲಿಗರ ಕೈಗೆ ಅಂಥ ಕಾಗದ ಯಾರೂ ಕೊಡಲಿಲ್ಲ.

ಆಮೇಲೆ ಬಂದವು ಅರಣ್ಯ ಕಾನೂನುಗಳು, 1972ರಲ್ಲಿ ವನ್ಯಜೀವಿ ಕಾಯ್ದೆ. 1974ರಲ್ಲಿ ಬೆಟ್ಟ ಅಭಯಾರಣ್ಯವಾಯಿತು. ಒಳಗಾಡಿನ ಪೋಡುಗಳನ್ನು ಎಬ್ಬಿಸಿ ರಸ್ತೆಬದಿಗೆ ತಂದರು, ಕಾಡುಬೇಸಾಯ ನಿಂತಿತು, ತರಗು ಬೆಂಕಿ ಅಪರಾಧವಾಯಿತು. ವನ್ಯಜೀವಿ ಕಾಯ್ದೆಯ 2002ರ ತಿದ್ದುಪಡಿಯ ನಂತರ ಮಾರಾಟಕ್ಕೆ ಜೇನು, ನೆಲ್ಲಿಕಾಯಿ ತರುವುದಕ್ಕೂ ತಡೆ ಬಿತ್ತು.

ಆದಿವಾಸಿ ಪ್ರದೇಶಗಳಿಗೆ ರಕ್ಷಣೆ ಕೊಡುವ ಸಂವಿಧಾನದ ಐದನೇ ಅನುಸೂಚಿಯೂ ಕೈಹಿಡಿಯಲಿಲ್ಲ. ನೆರೆಯ ಆಂಧ್ರದಲ್ಲಿ, ಉತ್ತರದ ಬೆಟ್ಟಗಳಿಗೆ ಅನುಸೂಚಿತ ಪ್ರದೇಶದ ರಕ್ಷಣೆ ಇದೆ. ಅಲ್ಲಿನ ಆದಿವಾಸಿ ಗ್ರಾಮಸಭೆಗಳಿಗೆ 1996ರ ಪಂಚಾಯತ್ ವಿಸ್ತರಣಾ ಕಾನೂನು ಅನ್ವಯಿಸುತ್ತದೆ. ಗಡಿಯ ಈಚೆ, ಕರ್ನಾಟಕದಲ್ಲಿ, ಅನುಸೂಚಿತ ಪ್ರದೇಶ ಒಂದೂ ಇಲ್ಲ. ಲಕ್ಷಾಂತರ ಆದಿವಾಸಿಗಳಿರುವ ರಾಜ್ಯಕ್ಕೆ ಇದು ದೊಡ್ಡ ಕೊರತೆ.

ಹೀಗಾಗಿ ಉಳಿದದ್ದು 2006ರ ಅರಣ್ಯ ಹಕ್ಕು ಕಾಯ್ದೆಯ ಬಾಗಿಲು. ಹಕ್ಕು ಕೇಳುವವರು ತಾವು ಮೊದಲಿಂದ ಆ ಕಾಡಿನವರು ಎಂದು ತೋರಿಸಬೇಕು. ದಾಖಲೆ ಎಲ್ಲಿಂದ ತರುವುದು? ಸೋಲಿಗರ ಹಿರಿಯರು ಯುವಕರನ್ನೂ ಸಂಶೋಧಕರನ್ನೂ ಕರೆದುಕೊಂಡು ಕಾಡು ಹೊಕ್ಕರು. ಆನೆ ತಿರುಗುವ ದಾರಿಗಳಲ್ಲಿ, ಲಾಂಟಾನ ಮುಚ್ಚಿದ ಹಳೆಯ ಪೋಡುಗಳಲ್ಲಿ ಒಂದೊಂದೇ ವೀರು, ಒಂದೊಂದೇ ಕಲ್ಲುಗುಡಿ, ಒಂದೊಂದೇ ಅಬ್ಬಿ ತೋರಿಸಿದರು. ಜೊತೆಯವರು ಜಿಪಿಎಸ್‌ನಲ್ಲಿ ಗುರುತು ಹಾಕಿದರು. ನಾನೂರಕ್ಕೂ ಹೆಚ್ಚು ಪೂಜಾಸ್ಥಳಗಳು ನಕಾಶೆಗೆ ಬಂದವು. ಅಕ್ಷರ ಬಾರದ ಅಜ್ಜಂದಿರ ನೆನಪು ಕಾನೂನಿನ ಮುಂದೆ ಸಾಕ್ಷಿಯಾದ ಇಂಥ ಗಳಿಗೆ ಕರ್ನಾಟಕದ ಚರಿತ್ರೆಯಲ್ಲಿ ಅಪರೂಪ.

2011ರ ಜನವರಿಯಲ್ಲಿ ಬೆಟ್ಟವನ್ನು ಹುಲಿ ಸಂರಕ್ಷಿತ ಪ್ರದೇಶವೆಂದು ಸಾರಲಾಯಿತು. ಅದೇ ವರ್ಷ ಅಕ್ಟೋಬರ್ 2ರಂದು 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕುಪತ್ರ ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶವೊಂದರಲ್ಲಿ ಇಂಥ ಹಕ್ಕು ಸಿಕ್ಕಿದ್ದು ದೇಶದಲ್ಲೇ ಮೊದಲು. ಕಿರು ಅರಣ್ಯ ಉತ್ಪನ್ನ ತರುವ ಹಕ್ಕಿನ ಜೊತೆಗೆ ಕಾಡನ್ನು ಕಾಯುವ, ನಿರ್ವಹಿಸುವ ಅಧಿಕಾರವೂ ಕಾಯ್ದೆಯಂತೆ ಗ್ರಾಮಸಭೆಗೆ ಸೇರಿದೆ. ಜೇನು ಮತ್ತೆ ಮಾರುಕಟ್ಟೆಗೆ ಬಂತು. ನಿರ್ವಹಣೆಯ ಅಧಿಕಾರ ಮಾತ್ರ ಬಹುಪಾಲು ಕಾಗದದಲ್ಲೇ ಉಳಿದಿದೆ.

ನಾಗರಹೊಳೆಯ ಜೇನುಕುರುಬರಿಗೆ ಅಷ್ಟೂ ದಕ್ಕಿಲ್ಲ. 2025ರ ಮೇ ತಿಂಗಳಲ್ಲಿ ಕರಡಿಕಲ್ಲು ಅತ್ತೂರು ಕೊಲ್ಲಿಯ ಕುಟುಂಬಗಳು ಇದೇ ಕಾಯ್ದೆಯ ಹಕ್ಕು ಕೇಳುತ್ತ ಕಾಡಿನೊಳಗಿನ ತಮ್ಮ ಹಳೆಯ ಹಾಡಿಗೆ ಮರಳಿ ಗುಡಿಸಲು ಹಾಕಿದವು. ಆ ಹಾಡಿಯ ಗ್ರಾಮಸಭೆಯ ಮಾತಿಗೂ ಬಿಳಿಗಿರಿರಂಗನ ಬೆಟ್ಟದಲ್ಲಿ ಸಿಕ್ಕ ಮನ್ನಣೆ ಸಿಗಬೇಕು.