ರೈಲು ಎಷ್ಟು ಹೊತ್ತಿಗೆ ತಲುಪುತ್ತದೆ?



ಝುವಾರಿನಗರದಲ್ಲಿ ದುಡಿಮೆಗಾಗಿ ನೆಲೆಸಿದ ಕನ್ನಡ ಕುಟುಂಬಗಳ ಮಕ್ಕಳಿಗೆ ರೈಲು ಹೊಸತಲ್ಲ. ಹಬ್ಬಕ್ಕೋ ಜಾತ್ರೆಗೋ ವಾಸ್ಕೋದಿಂದ ಹುಬ್ಬಳ್ಳಿಯ ಕಡೆಗೆ ಹೊರಟಾಗ, ಕುಲೇಂ ದಾಟಿದ ಮೇಲೆ ಗಾಡಿ ನಿಧಾನವಾಗುವುದನ್ನು ಅವರು ಕಣ್ಣಾರೆ ಕಂಡಿರುತ್ತಾರೆ. ಅಲ್ಲಿಂದ ಕ್ಯಾಸಲ್ ರಾಕ್‌ವರೆಗಿನ ಘಟ್ಟದಲ್ಲಿ ಹಳಿಯು ಪ್ರತಿ 37 ಮೀಟರಿಗೆ 1 ಮೀಟರಿನಷ್ಟು ಕಡಿದಾಗಿ ಏರುತ್ತದೆ. ಆದ್ದರಿಂದ ಕುಲೇಮಿನಲ್ಲಿ ಗಾಡಿಗೆ ಹೆಚ್ಚುವರಿ ಎಂಜಿನ್‌ಗಳನ್ನು ಜೋಡಿಸಲಾಗುತ್ತದೆ. ಈ ಅನುಭವವೇ ಒಂದು ಒಳ್ಳೆಯ ಲೆಕ್ಕವಾಗಬಲ್ಲದು. ಸಂಖ್ಯೆಗಳು ಮಾತ್ರ ಕಲ್ಪಿತ.

ಒಂದು ರೈಲು ಬೆಳಿಗ್ಗೆ 7 ಗಂಟೆಗೆ ಹೊರಟು, ಸಮತಟ್ಟಿನಲ್ಲಿ 30 ಕಿ.ಮೀ. ದೂರವನ್ನು ಗಂಟೆಗೆ 60 ಕಿ.ಮೀ. ವೇಗದಲ್ಲಿ ಕ್ರಮಿಸುತ್ತದೆ. ಘಟ್ಟದ ಬುಡದಲ್ಲಿ 30 ನಿಮಿಷ ನಿಲ್ಲುತ್ತದೆ. ಬಳಿಕ ಘಟ್ಟದ 30 ಕಿ.ಮೀ. ದೂರವನ್ನು ಗಂಟೆಗೆ 20 ಕಿ.ಮೀ. ವೇಗದಲ್ಲಿ ಏರಿ, ಮೇಲಿನ ನಿಲ್ದಾಣದಲ್ಲಿ 20 ನಿಮಿಷ ನಿಲ್ಲುತ್ತದೆ. ಮೇಲಿನ ನಿಲ್ದಾಣವನ್ನು ಅದು ಎಷ್ಟು ಹೊತ್ತಿಗೆ ತಲುಪುತ್ತದೆ?

ಬಹುಪಾಲು ಮಕ್ಕಳು 60 ಮತ್ತು 20ರ ಸರಾಸರಿಯಾಗಿ 40ನ್ನು ಹಿಡಿಯುತ್ತಾರೆ, 60 ಕಿ.ಮೀ.ಗೆ ಒಂದೂವರೆ ಗಂಟೆ ಎನ್ನುತ್ತಾರೆ. ಎರಡೂ ನಿಲುಗಡೆಗಳನ್ನು ಕೂಡಿಸಿ 9 ಗಂಟೆ 20 ನಿಮಿಷವೆಂದು ಬರೆಯುತ್ತಾರೆ. ಇಲ್ಲಿ ಎರಡು ತಪ್ಪುಗಳಿವೆ.

ಮೊದಲನೆಯದು ಸರಾಸರಿಯದು. ದೂರಗಳು ಸಮವಾದರೂ ಕಾಲಗಳು ಸಮವಲ್ಲ. ಸಮತಟ್ಟಿಗೆ 30 ನಿಮಿಷ ಸಾಕು, ಘಟ್ಟಕ್ಕೆ 90 ನಿಮಿಷ ಬೇಕು. ಚಲಿಸುವ ಒಟ್ಟು ಕಾಲ 2 ಗಂಟೆ. ಆದುದರಿಂದ ಚಲನೆಯ ಸರಾಸರಿ ವೇಗ ಗಂಟೆಗೆ 30 ಕಿ.ಮೀ. ಎರಡೂ ವೇಗಗಳಲ್ಲಿ ಸಮಾನ ಕಾಲ ಸಾಗಿದ್ದರೆ ಮಾತ್ರ 40 ಸರಿಯಾಗುತ್ತಿತ್ತು.

ಎರಡನೆಯದು ಭಾಷೆಯದು. ‘ತಲುಪುವುದು’ ಬೇರೆ, ‘ಬಿಡುವುದು’ ಬೇರೆ. ಮೇಲಿನ ನಿಲ್ದಾಣದ 20 ನಿಮಿಷ ತಲುಪಿದ ಮೇಲಿನ ಮಾತು. ಗಾಡಿ 7:30ಕ್ಕೆ ಬುಡಕ್ಕೆ ಬರುತ್ತದೆ, 8:00ಕ್ಕೆ ಹೊರಡುತ್ತದೆ, 9:30ಕ್ಕೆ ಮೇಲೆ ತಲುಪುತ್ತದೆ, 9:50ಕ್ಕೆ ಅಲ್ಲಿಂದ ಬಿಡುತ್ತದೆ. ನಡುವಿನ ನಿಲುಗಡೆಯನ್ನೂ ಸೇರಿಸಿದರೆ 60 ಕಿ.ಮೀ.ಗೆ ಎರಡೂವರೆ ಗಂಟೆ. ಸರಾಸರಿ ವೇಗ 24 ಕಿ.ಮೀ.ಗೆ ಇಳಿಯುತ್ತದೆ.

ತರಗತಿಯಲ್ಲಿ ಸೂತ್ರಕ್ಕಿಂತ ಮೊದಲು ಕರಿಹಲಗೆಯ ಮೇಲೆ ಒಂದು ಗೆರೆ ಎಳೆಯಬೇಕು. ಬಂದ ಹೊತ್ತು, ಬಿಟ್ಟ ಹೊತ್ತುಗಳನ್ನು ಮಕ್ಕಳೇ ಗುರುತಿಸಲಿ. ಬಳಿಕ ಪ್ರತಿ ತುಂಡನ್ನೂ ‘ಇದು ಓಟವೋ, ನಿಲುಗಡೆಯೋ?’ ಎಂದು ಕೇಳಬೇಕು.

ಇನ್ನೊಂದು ಎಚ್ಚರ ಅಗತ್ಯ. ನಿಲುಗಡೆಯ ಪ್ರಸ್ತಾಪವೇ ಇಲ್ಲದ ಲೆಕ್ಕದಲ್ಲಿ ಮಗುವೊಂದು ಅರ್ಧ ಗಂಟೆ ಹೆಚ್ಚು ಬರೆದರೆ, ಕೆಂಪು ಗೆರೆ ಎಳೆಯುವ ಮುನ್ನ ‘ಹೇಗೆ ಬಂತು?’ ಎಂದು ಕೇಳಬೇಕು. ‘ಗಾಡಿ ಘಟ್ಟದ ಬುಡದಲ್ಲಿ ನಿಲ್ಲುತ್ತದಲ್ಲ, ಗುರುಗಳೇ’ ಎಂದರೆ, ಆ ಮಗು ಗಣಿತದಲ್ಲಿ ದಡ್ಡನಲ್ಲ. ಪ್ರಶ್ನೆ ಹೇಳದೆ ಬಿಟ್ಟುದನ್ನು ಅದು ಕಂಡಿದೆ. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ಅನುಕೂಲ ಕಲ್ಪಿಸಬೇಕೆಂದು ಸಂವಿಧಾನದ 350-ಎ ವಿಧಿ ಹೇಳುತ್ತದೆ. ಉತ್ತರದ ಹಿಂದಿನ ಕಾರಣವನ್ನು ಮಗು ತನ್ನ ಮಾತಿನಲ್ಲಿ ಹೇಳುವಾಗ ಶಿಕ್ಷಕರು ಕಿವಿಗೊಟ್ಟರೆ, ಆ ವಿಧಿಯ ಆಶಯವು ಗಣಿತದ ತರಗತಿಯಲ್ಲಿಯೂ ನೆರವೇರುತ್ತದೆ.