ಅಂಗಳದ ಆಚೆಯ ಮೂರಡಿ

(ಬಾನುಲಿ ಭಾಷಣ)



ಮನೆ ಎಲ್ಲಿಗೆ ಮುಗಿಯುತ್ತದೆ? ಭೂಮಾಪಕರನ್ನು ಕೇಳಿದರೆ ಅವರು ಅಳೆದು ತೋರಿಸುತ್ತಾರೆ. ಖರೀದಿ ಪತ್ರವನ್ನು ಬಿಚ್ಚಿದರೆ ಅಲ್ಲಿ ಚತುಃಸೀಮೆ ಬರೆದಿರುತ್ತದೆ: ಮೂಡಲಿಗೆ ಇಂಥವರ ಮನೆ, ಪಡುವಲಿಗೆ ಸಾರ್ವಜನಿಕ ರಸ್ತೆ. ಇದು ಹಕ್ಕಿನ ಲೆಕ್ಕ. ಹೊಣೆಯ ಲೆಕ್ಕ ಬೇರೆ. ಅದು ಯಾವ ಖರೀದಿ ಪತ್ರದಲ್ಲಿಯೂ ಬರೆದಿರುವುದಿಲ್ಲ. ಆ ಎರಡನೆಯ ಲೆಕ್ಕವನ್ನು ಕುರಿತು ಇಂದು ನಾಲ್ಕು ಮಾತು ಹೇಳಬಯಸುತ್ತೇನೆ. ಅದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ. ಕಲಿತದ್ದೂ ಬಹಳ ತಡವಾಗಿ.

ನನ್ನ ಬಾಲ್ಯ ಕಳೆದದ್ದು ಕುಲಗೋಡದಲ್ಲಿ. ಆಗ ಅದು ಗೋಕಾಕ ತಾಲೂಕಿನ ಊರು. ಈಗ ಮೂಡಲಗಿ ತಾಲೂಕಿಗೆ ಸೇರಿದೆ. ನಸುಕಿನಲ್ಲಿ ಎಚ್ಚರವಾದಾಗ ಕಿವಿಗೆ ಮೊದಲು ಬೀಳುತ್ತಿದ್ದ ಸಪ್ಪಳ ಕಸಬರಿಗೆಯದು. ನಮ್ಮ ತಾಯಿ ಅಂಗಳ ಗುಡಿಸಿ, ಸೆಗಣಿನೀರು ಚಿಮುಕಿಸಿ, ರಂಗೋಲಿಯ ಎಳೆ ಎಳೆಯುವ ಹೊತ್ತಿಗೆ ಬೆಳಕು ಹರಿಯುತ್ತಿತ್ತು. ಆಕೆಯ ಕಸಬರಿಗೆ ಮನೆಯ ಕಟ್ಟೆಯ ಬುಡದಲ್ಲಿ ನಿಲ್ಲುತ್ತಿರಲಿಲ್ಲ. ಓಣಿಯ ನಡುವಿನವರೆಗೂ ಹೋಗುತ್ತಿತ್ತು. ಎದುರುಮನೆಯ ಕಾಕೂ ತಮ್ಮ ಕಡೆಯಿಂದ ಅಲ್ಲಿಯವರೆಗೆ ಬರುತ್ತಿದ್ದರು. ಆ ಎರಡು ಕಸಬರಿಗೆಗಳು ಕೂಡುವ ಸ್ಥಳವೇ ಗಡಿ. ಕಾಕೂ ಜ್ವರದಿಂದ ಮಲಗಿದ ದಿನ ಆ ಗಡಿ ತಾನಾಗಿಯೇ ಅವರ ಹೊಸ್ತಿಲವರೆಗೆ ಸರಿಯುತ್ತಿತ್ತು.

ಕುಲಗೋಡವೆಂದೊಡನೆ ಸಾಹಿತ್ಯಾಭ್ಯಾಸಿಗಳಿಗೆ ನೆನಪಾಗುವುದು ಶ್ರೀಕೃಷ್ಣ ಪಾರಿಜಾತ. ಅಪರಾಳ ತಮ್ಮಣ್ಣನು ರಚಿಸಿದ ಆ ಕೃತಿಯನ್ನು ನಮ್ಮೂರಿನ ಕುಲಗೋಡ ತಮ್ಮಣ್ಣನು ಆಟಕ್ಕೆ ಒದಗುವಂತೆ ಬೆಳೆಸಿದ. ಮುಂದೆ ಕೌಜಲಗಿಯ ನಿಂಗಮ್ಮ ಅದೇ ಆಟದಿಂದ ನಾಡಿನಲ್ಲೆಲ್ಲ ಹೆಸರಾದರು. ಪಾರಿಜಾತಕ್ಕೆ ನಾಟಕಗೃಹ ಬೇಕಿರಲಿಲ್ಲ. ಊರ ನಡುವಿನ ಬಯಲೇ ರಂಗಸ್ಥಳ. ಸುತ್ತಲಿನ ಮನೆಗಳ ಕಟ್ಟೆ, ಮಾಳಿಗೆಗಳೇ ಪ್ರೇಕ್ಷಾಗೃಹ. ಪ್ರತಿಯೊಂದು ಮನೆಯೂ ಆ ಬಯಲನ್ನು ಒಂದೊಂದು ಮೊಳ ಒತ್ತಿಕೊಂಡಿದ್ದರೆ ಸತ್ಯಭಾಮೆಗೆ ಮುನಿಸಿಕೊಳ್ಳಲು ಸ್ಥಳವೇ ಇರುತ್ತಿರಲಿಲ್ಲ.

ಪಾರಿಜಾತವನ್ನು ಕುರಿತು ಜನರ ಬಾಯಲ್ಲಿ ಒಂದು ಕಥೆಯಿದೆ. ಕೃಷ್ಣನು ದೇವಲೋಕದ ಆ ಗಿಡವನ್ನು ತಂದು ಸತ್ಯಭಾಮೆಯ ಅಂಗಳದಲ್ಲಿ ನೆಟ್ಟನಂತೆ. ಹೂವುಗಳು ಮಾತ್ರ ರುಕ್ಮಿಣಿಯ ಅಂಗಳದಲ್ಲಿ ಉದುರಿದವಂತೆ. ಎಳೆಯನಾಗಿದ್ದಾಗ ಇದನ್ನು ಕೇಳಿ ಕೃಷ್ಣನ ಜಾಣತನಕ್ಕೆ ನಗುತ್ತಿದ್ದೆ. ಈಗ ನನಗೆ ಅದರಲ್ಲಿ ಇನ್ನೊಂದು ಅರ್ಥ ಕಾಣುತ್ತದೆ. ಬೇರು ಒಬ್ಬರ ಅಂಗಳದಲ್ಲಿ, ಉದುರುವುದು ಇನ್ನೊಬ್ಬರ ಅಂಗಳದಲ್ಲಿ. ನೆರೆಹೊರೆಯ ಬಾಳ್ವೆಯೆಂದರೆ ಇದೇ ಅಲ್ಲವೇ? ಉದುರಿದ್ದು ಪಾರಿಜಾತವಾದ್ದರಿಂದ ರುಕ್ಮಿಣಿಗೆ ಹಿಗ್ಗಾಯಿತು. ಹರಿದು ಬಂದದ್ದು ಬಚ್ಚಲ ನೀರಾಗಿದ್ದರೆ?

ಈ ಪ್ರಶ್ನೆಯನ್ನು ನಮ್ಮ ಪ್ರಾಚೀನರೂ ಕೇಳಿಕೊಂಡಿದ್ದರು. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ತಾಳೆಗರಿಯ ಪ್ರತಿಯನ್ನು ಗುರುತಿಸಿ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ನಗರಾಡಳಿತಕ್ಕೆ ಸಂಬಂಧಿಸಿದ ಒಂದು ಪ್ರಕರಣವಿದೆ. ಬೀದಿಗೆ ಕಸ ಚೆಲ್ಲಿದವನಿಗೆ ಪಣದ ಎಂಟನೆಯ ಒಂದು ಭಾಗ ದಂಡ. ಬೀದಿಯಲ್ಲಿ ಕೆಸರು, ನೀರು ನಿಲ್ಲುವಂತೆ ಮಾಡಿದವನಿಗೆ ಕಾಲು ಪಣ. ರಾಜಮಾರ್ಗದಲ್ಲಾದರೆ ಎರಡೂ ಇಮ್ಮಡಿ. ನೀರು ನಿಲ್ಲಿಸಿದವನ ದಂಡ ಕಸ ಚೆಲ್ಲಿದವನ ದಂಡಕ್ಕಿಂತ ಹೆಚ್ಚು ಎಂಬುದನ್ನು ತಾವು ಗಮನಿಸಬೇಕು. ಚೆಲ್ಲಿದ ಕಸ ಬಿದ್ದಲ್ಲಿಯೇ ಇರುತ್ತದೆ. ತಡೆದ ನೀರು ಇನ್ನೊಬ್ಬರ ಮನೆಯನ್ನು ಹುಡುಕಿಕೊಂಡು ಹೋಗುತ್ತದೆ.

ಇಂದಿನ ಕಾನೂನುಗಳೂ ಇದೇ ದಾರಿಯಲ್ಲಿವೆ. ಬೆಳಗಾವಿ, ಹುಬ್ಬಳ್ಳಿ-ಧಾರವಾಡಗಳಂಥ ನಗರಗಳಿಗೆ ಅನ್ವಯಿಸುವ 1976ರ ಮಹಾನಗರಪಾಲಿಕೆಗಳ ಅಧಿನಿಯಮದಂತೆ, ರಸ್ತೆಗೆ ಚಾಚಿದ ಬೇಲಿಯನ್ನೂ ಗಿಡವನ್ನೂ ಸವರಬೇಕೆಂದು ಮನೆಯೊಡೆಯನಿಗೆ ಆಜ್ಞೆ ಮಾಡಬಹುದು. ಸಣ್ಣ ಪಟ್ಟಣಗಳಿಗೆ 1964ರ ಪುರಸಭೆಗಳ ಅಧಿನಿಯಮವಿದೆ. ಹಳ್ಳಿಗಳಿಗೆ 1993ರ ಪಂಚಾಯತ್ ರಾಜ್ ಅಧಿನಿಯಮವಿದೆ. ರಸ್ತೆಯನ್ನು ಒತ್ತಿ ಕಟ್ಟಿದ್ದನ್ನು ತೆರವು ಮಾಡಿಸುವ ಅಧಿಕಾರವನ್ನು ಇವು ಸ್ಥಳೀಯ ಸಂಸ್ಥೆಗಳಿಗೆ ಕೊಟ್ಟಿವೆ. 2016ರಲ್ಲಿ ಬಂದ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋದವು: ಮನೆಯ ಕಸವನ್ನು ಹೊರಗಿನ ರಸ್ತೆ, ಬಯಲು, ಗಟಾರ, ಕೆರೆಗಳಲ್ಲಿ ಎಸೆಯಬಾರದು, ಸುಡಬಾರದು, ಹೂಳಬಾರದು, ಹಿತ್ತಲಿನ ಎಲೆ-ಕಡ್ಡಿಗಳನ್ನು ಸ್ವಂತ ಆವರಣದಲ್ಲಿಯೇ ಬೇರೆಯಾಗಿ ಇಟ್ಟುಕೊಂಡು ಸ್ಥಳೀಯ ಸಂಸ್ಥೆ ಹೇಳಿದಂತೆ ವಿಲೇವಾರಿ ಮಾಡಬೇಕು ಎಂದು ಅವು ವಿಧಿಸಿದ್ದವು. ದೂರದ ನ್ಯೂಯಾರ್ಕ್ ನಗರದಲ್ಲಿ ಮನೆಯ ಮುಂದಿನ ಕಾಲುದಾರಿ ಸಾರ್ವಜನಿಕರದು. ಆದರೆ ಅದರ ಮೇಲೆ ಬಿದ್ದ ಹಿಮವನ್ನು ತೆಗೆಯುವುದೂ ಒಡೆದ ಹಾಸನ್ನು ಸರಿಪಡಿಸುವುದೂ ಪಕ್ಕದ ಮನೆಯೊಡೆಯನ ಹೊಣೆ. ಹಕ್ಕು ಎಲ್ಲರದು, ಆರೈಕೆ ನಿನ್ನದು ಎಂಬುದೇ ಇವೆಲ್ಲವುಗಳ ಸಾರ. ನಮ್ಮ ತಾಯಿಗೆ ಇದನ್ನು ಹೇಳಿಕೊಡಲು ಯಾವ ಅಧಿನಿಯಮವೂ ಬೇಕಿರಲಿಲ್ಲ.

ಆದರೆ ಹಳೆಯದನ್ನು ಹೊಗಳುವಾಗ ಎಚ್ಚರ ಬೇಕು. ಆ ಓಣಿಯನ್ನು ಗುಡಿಸಿದವರೆಲ್ಲರೂ ಹೆಂಗಸರು. ಗಂಡಸರ ಕೈಯಲ್ಲಿ ಕಸಬರಿಗೆ ಕಂಡ ನೆನಪು ನನಗಿಲ್ಲ. ಗುಡಿಸಿದ ಕಸ ತಿಪ್ಪೆ ಸೇರಿ, ಗೊಬ್ಬರವಾಗಿ ಹೊಲಕ್ಕೆ ಹೋಗುತ್ತಿತ್ತು, ನಿಜ. ಗೊಬ್ಬರವಾಗದ ಹೊಲಸನ್ನು ಎತ್ತಲು ಮಾತ್ರ ಊರ ಹೊರಗಿನ ಕೇರಿಯವರನ್ನೇ ಕರೆಯುತ್ತಿದ್ದರು. ನಮ್ಮ ಶುಚಿತ್ವಕ್ಕೆ ಅವರ ಕೈಗಳು ಬೇಕಿದ್ದವು. ನಮ್ಮ ಕಟ್ಟೆಯ ಮೇಲೆ ಅವರಿಗೆ ಸ್ಥಳವಿರಲಿಲ್ಲ. ಮಲ ಹೊರುವ ಪದ್ಧತಿಯನ್ನು ನಿಷೇಧಿಸುವ 2013ರ ಅಧಿನಿಯಮ ನಮ್ಮಲ್ಲಿದೆ. ಆದರೂ ನಾವು ಕಟ್ಟಿಹಾಕಿದ ಗಟಾರವನ್ನು ಬಿಡಿಸಲು ಇಂದಿಗೂ ಯಾರೋ ಒಬ್ಬ ಪೌರಕಾರ್ಮಿಕ ಮೊಣಕೈಯವರೆಗೆ ಕೈ ಇಳಿಸಬೇಕಾಗುತ್ತದೆ. ಅಂಗಳದಿಂದ ಆಚೆಗೆ ನೂಕಿದ್ದು ಇಲ್ಲವಾಗುವುದಿಲ್ಲ. ಇನ್ನೊಬ್ಬರ ಪಾಲಿಗೆ ಬರುತ್ತದೆ. ಇಷ್ಟು ಸರಳವಾದ ಸಂಗತಿಯನ್ನು ತಿಳಿಯಲು ನನಗೆ ಅರುವತ್ತು ವರ್ಷಗಳು ಬೇಕಾದವು. ಆ ತಪ್ಪೊಪ್ಪಿಗೆಯನ್ನು ಈಗ ಮಾಡುತ್ತೇನೆ.

ನಿವೃತ್ತನಾದ ಮೇಲೆ, ನಾನು ಪಾಠ ಹೇಳಿದ ಪಟ್ಟಣದಲ್ಲಿಯೇ ಒಂದು ಮನೆ ಕಟ್ಟಿಸಿದೆ. ಆವರಣದ ಗೋಡೆಗೂ ರಸ್ತೆಗೂ ನಡುವೆ ಗಟಾರವಿತ್ತು. ಅದರ ಮೇಲೆ ಕಲ್ಲು ಹಾಸಿ, ಮಣ್ಣು ತುಂಬಿ, ಮೂರಡಿ ಅಗಲದ ಹೂದೋಟ ಮಾಡಿದೆ. ದಾಸವಾಳ, ಕಣಗಿಲ, ಅವುಗಳ ನಡುವೆ ಊರಿನ ನೆನಪಿಗೆಂದು ಒಂದು ಪಾರಿಜಾತದ ಸಸಿ. ಹೋಗಿಬರುವವರು ನಿಂತು ನೋಡುತ್ತಿದ್ದರು, ಹೊಗಳುತ್ತಿದ್ದರು. ಕೆಲವು ತಿಂಗಳಲ್ಲಿ ಗಟಾರವನ್ನು ತೆರವು ಮಾಡಬೇಕೆಂದು ನೋಟೀಸು ಬಂದಿತು. ನನಗೆ ಸಿಟ್ಟು ಬಂದಿತು. ಮೂರು ಪುಟಗಳ ಉತ್ತರ ಬರೆದೆ. ಪರಿಸರಪ್ರೇಮ, ಸೌಂದರ್ಯಪ್ರಜ್ಞೆ, ನಾಗರಿಕನ ಸ್ವಾತಂತ್ರ್ಯ, ಎಲ್ಲವೂ ಅದರಲ್ಲಿದ್ದವು. ಗಟಾರದ ಮಾತೊಂದು ಮಾತ್ರ ಇರಲಿಲ್ಲ.

ದೀಪಾವಳಿ ಹತ್ತಿರ ಬಂದಿದ್ದ ಒಂದು ರಾತ್ರಿ ಹಿಂಗಾರಿ ಮಳೆ ಜಡಿದು ಹೊಡೆಯಿತು. ನಾನು ಬೆಚ್ಚಗೆ ಹೊದ್ದು ಮಲಗಿದೆ. ಗಿಡಗಳಿಗೆ ನೀರಾಯಿತೆಂದು ಸಂತೋಷವನ್ನೂ ಪಟ್ಟೆ. ಬೆಳಗಾಗುವಾಗ ಬಾಗಿಲಲ್ಲಿ ಒಬ್ಬ ಹೆಣ್ಣುಮಗಳು ನಿಂತಿದ್ದಳು. ನಮ್ಮ ಮನೆಯಿಂದ ಕೆಳಗಿನ ಇಳಿಜಾರಿನಲ್ಲಿ ಒಂದು ಕೋಣೆಯ ಮನೆಯಲ್ಲಿದ್ದು, ಬಟ್ಟೆ ಹೊಲಿದು ಮಕ್ಕಳನ್ನು ಸಾಕುತ್ತಿದ್ದವಳು. ಸೀರೆಯ ಅಂಚು ಕೆಸರಾಗಿತ್ತು.

“ಸರ, ಒಂದ ಸಲಿಕಿ ಇದ್ರ ಕೊಡ್ರಿ. ನೀರಿಗೆ ದಾರಿ ಮಾಡಬೇಕಾಗೇತ್ರಿ.”

ಇಷ್ಟೇ ಆಕೆಯ ಮಾತು. ನಿಮ್ಮ ಹೂದೋಟದಿಂದ ಹೀಗಾಯಿತೆಂದು ಆಕೆ ಹೇಳಲಿಲ್ಲ. ಹೇಳಿದ್ದರೆ ನಾನು ವಾದಿಸುತ್ತಿದ್ದೆನೇನೋ. ವಾದ ನನಗೆ ಅಭ್ಯಾಸವಾದ ವಿದ್ಯೆ. ಸಲಿಕೆ ಹಿಡಿದು ಆಕೆಯ ಹಿಂದೆ ಹೋದೆ. ಕೋಣೆಯೊಳಗೆ ಪಾದ ಮುಳುಗುವಷ್ಟು ನೀರು. ಹಬ್ಬಕ್ಕೆಂದು ಓಣಿಯವರು ಹೊಲಿಯಲು ಕೊಟ್ಟಿದ್ದ ಕುಪ್ಪಸದ ಬಟ್ಟೆಗಳು ಗಟಾರದ ನೀರಿನಲ್ಲಿ ನೆನೆದು ಬಣ್ಣ ಬಿಟ್ಟುಕೊಂಡಿದ್ದವು. ಆಕೆಯ ಚಿಕ್ಕ ಮಗ ಹೊಲಿಗೆ ಯಂತ್ರದ ಮೇಜಿನ ಮೇಲೆ ಕಾಲು ಮಡಚಿ ಕುಳಿತಿದ್ದ.

ಅಂದೇ ಇಬ್ಬರು ಆಳುಗಳನ್ನು ಕರೆಸಿ ಕಲ್ಲುಗಳನ್ನು ಎಬ್ಬಿಸಿದೆ. ಕೆಳಗೆ ಸಿಕ್ಕಿಕೊಂಡಿದ್ದ ಕಸ ಊರವರದೆಂದು ಹೇಳಿಕೊಳ್ಳುವ ಆಸೆ ನನಗಿತ್ತು. ಹೊರಬಂದದ್ದು ನನ್ನ ತೋಟದ ಎಲೆ, ನಮ್ಮ ಮನೆಯ ಹಾಲಿನ ಪೊಟ್ಟಣ. ಕೆಟ್ಟ ಬಟ್ಟೆಗಳ ಬೆಲೆಯನ್ನು ಕೊಟ್ಟೆ; ಆಕೆ ಲೆಕ್ಕ ಹಾಕಿ ಅಷ್ಟನ್ನೇ ತೆಗೆದುಕೊಂಡಳು. ಆದರೆ ಹಬ್ಬಕ್ಕೆ ಹೊಲಿದುಕೊಡುತ್ತೇನೆಂದು ಹತ್ತು ಮನೆಗಳಿಗೆ ಆಕೆ ಕೊಟ್ಟಿದ್ದ ಮಾತು ಕೆಟ್ಟಿತ್ತು. ಅದನ್ನು ಯಾವ ಹಣದಿಂದ ತುಂಬಿಕೊಡಲಿ?

ನನ್ನ ಮೂರು ಪುಟಗಳ ಉತ್ತರಕ್ಕೆ ಕಚೇರಿಯಿಂದ ಮರುತ್ತರ ಬರಲಿಲ್ಲ. ಬರಬೇಕಾದ ಉತ್ತರ ನನ್ನ ಬಾಗಿಲಿಗೆ ಬಂದು ಸಲಿಕೆ ಕೇಳಿತ್ತು. ನಿಯಮವೆಂದರೆ ಅಧಿಕಾರಿಗೂ ನನಗೂ ನಡುವಿನ ವ್ಯಾಜ್ಯವೆಂದು ನಾನು ಭಾವಿಸಿದ್ದೆ. ಅದು ನನಗೂ ಇಳಿಜಾರಿನ ಆ ಕೋಣೆಗೂ ನಡುವಿನ ಮಾತಾಗಿತ್ತು.

ಮಿತ್ರರೇ, ಆ ಪಾರಿಜಾತವನ್ನು ಬೇರುಸಹಿತ ಎತ್ತಿ ಗೋಡೆಯ ಒಳಗೆ ನೆಟ್ಟಿದ್ದೇನೆ. ಅದು ಚಿಗುರಿ ಗೋಡೆಯನ್ನು ಮೀರಿ ಬೆಳೆದಿದೆ. ರಾತ್ರಿ ಅರಳಿದ ಹೂವುಗಳು ನಸುಕಿನಲ್ಲಿ ರಸ್ತೆಯ ಮೇಲೂ ತೆರೆದ ಗಟಾರದ ಅಂಚಿನಲ್ಲಿಯೂ ಉದುರುತ್ತವೆ. ಚೆಲುವಾದವುಗಳನ್ನು ಮಕ್ಕಳು ಆಯ್ದುಕೊಂಡು ಹೋಗುತ್ತಾರೆ. ಉಳಿದವುಗಳನ್ನು ಅವು ಬಾಡುವ ಮೊದಲೇ ನಾನು ಗುಡಿಸುತ್ತೇನೆ; ರಸ್ತೆಯ ನಡುವಿನವರೆಗೂ ಗುಡಿಸುತ್ತೇನೆ. ನಿವೃತ್ತ ಪ್ರಾಧ್ಯಾಪಕನ ಕೈಯಲ್ಲಿ ಕಸಬರಿಗೆಯನ್ನು ಕಂಡು ಮೊದಮೊದಲು ಕೆಲವರು ನಕ್ಕರು. ಈಗೀಗ ಕೆಲವು ದಿನ, ಮಬ್ಬುಗತ್ತಲಿನಲ್ಲಿ, ಎದುರಿನ ಮನೆಯ ಕಡೆಯಿಂದಲೂ ಇನ್ನೊಂದು ಕಸಬರಿಗೆಯ ಸಪ್ಪಳ ಕೇಳಿಸುತ್ತದೆ.