ಕೊನೆಗೆ ಬಿಚ್ಚಿದ ಡಬ್ಬ
(ಮಹಿಳಾ ವೇದಿಕೆಯ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



‘ಹೊಸ ಮನೆ, ಹೊಸ ಕೆಲಸ, ಆರೋಗ್ಯ’ ಅಂತ ವಿಷಯ ಕೊಟ್ಟಾಗ ನನಗೆ ನಗು ಬಂತು. ಮೊದಲ ಎರಡರಲ್ಲಿ ನಾನು ಪಾಸು. ಮೂರನೆಯದರಲ್ಲಿ ಫೇಲಾಗಿ, ಈಗ ಸಪ್ಲಿಮೆಂಟರಿ ಬರೆಯುತ್ತಿದ್ದೇನೆ. ಫೇಲಾದ ಕಥೆಯನ್ನೇ ಹೇಳುತ್ತೇನೆ, ಯಾರಿಗಾದರೂ ಉಪಯೋಗವಾದೀತು.

ನಮ್ಮದು ಧಾರವಾಡ. ಓದು ಮುಗಿಸಿ ಬೆಂಗಳೂರಿನಲ್ಲಿ ಎಂಟು ವರ್ಷ ಕೆಲಸ ಮಾಡಿದೆ. ಯಜಮಾನರಿಗೆ ಬಾಲಾನಗರದ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ನಾನೂ ರಾಯದುರ್ಗಂ ಕಡೆ ಒಂದು ಕಂಪನಿ ಹುಡುಕಿಕೊಂಡೆ. ‘ಐಟಿಯವರು ಕೊಂಡಾಪುರ, ಗಚ್ಚಿಬೌಲಿ ಬಿಟ್ಟು ಬಾಲಾನಗರದಲ್ಲಿ ಯಾಕೆ?’ ಅಂತ ಕೇಳಿದವರೇ ಎಲ್ಲ. ಎಚ್‌ಎಎಲ್‌, ಐಡಿಪಿಎಲ್‌ ಕಾಲದಿಂದಲೂ ಅದು ಕಾರ್ಖಾನೆಗಳ ಜಾಗ. ಲೇತ್‌ ಮಷೀನಿನ ಸದ್ದು, ಲಾರಿಗಳ ಸಾಲು. ಆದರೆ ಬಾಡಿಗೆ ಕೈಗೆಟುಕುವಂತಿತ್ತು, ಮೆಟ್ರೊ ಇತ್ತು.

ಮೊದಲ ತಿಂಗಳು ಗ್ಯಾಸ್‌, ಆಧಾರ್‌ ವಿಳಾಸ, ಮಗಳ ಶಾಲೆ ಅಂತ ಓಡಿದ್ದೇ ಓಡಿದ್ದು. ಭಾಷೆಯ ಫಜೀತಿ ಬೇರೆ. ಆಟೊದವನು ‘ಎಕ್ಕಡ?’ ಅಂದಾಗ ನಾನು ಕಾಲಿನ ಚಪ್ಪಲಿ ನೋಡಿಕೊಂಡೆ. ‘ಪಾಲು’ ಅಂದರೆ ಇಲ್ಲಿ ಹಾಲು, ನಮಗೆ ಹಂಚಿಕೆ. ಗೋಂಗೂರ ನೋಡಿದರೆ ನಮ್ಮ ಪುಂಡಿಪಲ್ಲೆ! ಈ ಊರು ಕುಡಿಯುವ ನೀರಿನಲ್ಲಿ ಬೀದರ್‌ ಜಿಲ್ಲೆಯಲ್ಲಿ ಹರಿದು ಬರುವ ಮಂಜೀರಾ ನದಿಯದೂ ಇದೆ ಅಂತ ತಿಳಿದ ಮೇಲೆ ಪರಊರು ಅನ್ನೋ ಭಾವ ಅರ್ಧ ಕಡಿಮೆಯಾಯಿತು.

ಎರಡು ತಿಂಗಳಲ್ಲಿ ಎಲ್ಲ ಡಬ್ಬ ಬಿಚ್ಚಿಯಾಯಿತು, ಒಂದನ್ನು ಬಿಟ್ಟು. ಅದರ ಮೇಲೆ ನಾನೇ ‘ನನ್ನದು’ ಅಂತ ಬರೆದಿದ್ದೆ. ಒಳಗೆ ಓಟದ ಬೂಟು, ಮತ್ತು ಆಸ್ಪತ್ರೆಯ ಫೈಲು.

ಆ ಫೈಲಿನ ವಿಷಯ ಹೇಳಬೇಕು. ಬಸುರಿಯಾಗಿದ್ದಾಗ ನನಗೆ ಸಕ್ಕರೆ ಏರಿತ್ತು. ಹೆರಿಗೆಯಾದ ಮೇಲೆ ಸಾಮಾನ್ಯವಾಗಿ ಅದು ಇಳಿಯುತ್ತದೆ. ಆದರೆ ಅಂಥವರಿಗೆ ಮುಂದೆ ಮಧುಮೇಹ ಬರುವ ಸಾಧ್ಯತೆ ಉಳಿದವರಿಗಿಂತ ಬಹಳ ಹೆಚ್ಚು. ಅದಕ್ಕೇ ಹೆರಿಗೆಯಾಗಿ 6ರಿಂದ 12 ವಾರದೊಳಗೆ ಒಮ್ಮೆ, ಆಮೇಲೂ ತಪ್ಪದೆ ಪರೀಕ್ಷೆ ಮಾಡಿಸಿ ಅಂತ ಡಾಕ್ಟರು ಬರೆದುಕೊಟ್ಟಿದ್ದರು. ಮಗಳಿಗೆ ನಾಲ್ಕು ವರ್ಷವಾಯಿತು. ಅವಳ ಒಂದು ಲಸಿಕೆ ತಪ್ಪಿಸಿದವಳಲ್ಲ, ನನ್ನದು ಒಂದು ಪರೀಕ್ಷೆಯೂ ಆಗಿರಲಿಲ್ಲ.

ಹೊಸ ಕಂಪನಿಯವರು ಎಲ್ಲರಿಗೂ ತಪಾಸಣೆ ಮಾಡಿಸಿದರು. ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ನನಗೆ 6.2 ಬಂತು. 5.7ಕ್ಕಿಂತ ಕಡಿಮೆ ಇದ್ದರೆ ಸರಿ, 6.5 ಮುಟ್ಟಿದರೆ ಮಧುಮೇಹ. ನಾನು ನಡುವೆ ನಿಂತಿದ್ದೆ. ನಮ್ಮ ಅವ್ವ ಇಪ್ಪತ್ತು ವರ್ಷದಿಂದ ಸಕ್ಕರೆ ಕಾಯಿಲೆಯ ಗುಳಿಗೆ ನುಂಗುತ್ತಾಳೆ. ಆ ರಾತ್ರಿ ಡಬ್ಬ ಬಿಚ್ಚಿದೆ.

ಗಾಬರಿಯಲ್ಲಿ ಜಿಮ್ಮಿಗೆ ಒಂದು ವರ್ಷದ ಹಣ ಕಟ್ಟಿದೆ. ಹೋಗಿದ್ದು ಒಂಬತ್ತು ದಿನ. ಬೆಳಿಗ್ಗೆ ಮಗಳ ಡಬ್ಬಿ, ಸಂಜೆ ಏಳಕ್ಕೆ ಅಮೆರಿಕದವರ ಕಾಲ್‌. ನಾನೇ ಸೋಮಾರಿ ಅಂತ ಬೈದುಕೊಂಡೆ. ಆಮೇಲೆ ಲೆಕ್ಕ ಹಾಕಿದೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷ ಚುರುಕು ನಡಿಗೆಯಂಥ ಚಟುವಟಿಕೆ, ಜೊತೆಗೆ ಎರಡು ದಿನ ಸ್ನಾಯುಗಳಿಗೆ ಕಸರತ್ತು. ನಮ್ಮ ಮನೆಯಿಂದ ಬಾಲಾನಗರ ಮೆಟ್ರೊ ಸ್ಟೇಷನ್ನಿಗೆ ಬಿರುಸಾಗಿ ನಡೆದರೆ 15 ನಿಮಿಷ. ನಾನು ದಿನಾ ಆಟೊದಲ್ಲಿ ಹೋಗುತ್ತಿದ್ದೆ. ಹೋಗಿಬರುವುದು 30, ಐದು ದಿನಕ್ಕೆ 150! ದಾರಿ ನನ್ನ ಕಾಲ ಕೆಳಗೇ ಇತ್ತು. ಅಮೀರ್‌ಪೇಟೆಯಲ್ಲಿ ರೈಲು ಬದಲಿಸುವಾಗ ಎಸ್ಕಲೇಟರ್‌ ಬಿಟ್ಟು ಮೆಟ್ಟಿಲು ಹತ್ತಲು ಶುರುಮಾಡಿದೆ.

ಕಾಗದದ ಮೇಲೆ ಸುಲಭ. ಮುಖ್ಯರಸ್ತೆಯಲ್ಲಿ ನಡೆಯಲು ಜಾಗ ಸಾಲದು, ಹಾಗಾಗಿ ಒಳಗಿನ ಗಲ್ಲಿ ಹಿಡಿದೆ. ಕತ್ತಲಾದರೆ ಇವತ್ತಿಗೂ ಆಟೊನೇ. ಆದ್ದರಿಂದ ಕತ್ತಲಾಗುವ ಮುಂಚೆ ಹೊರಡಬೇಕಿತ್ತು, ಅದನ್ನು ಮ್ಯಾನೇಜರಿಗೆ ಹೇಳಬೇಕಿತ್ತು. ಪ್ರೊಬೇಷನ್‌ನಲ್ಲಿರುವವಳು ಹೇಗೆ ಕೇಳುವುದು? ಮೂರು ವಾರ ಮನಸ್ಸಿನಲ್ಲೇ ಮಾತು ಜೋಡಿಸಿದೆ. ಕೊನೆಗೆ ಕೇಳಿದೆ: ‘ಸಂಜೆಯ ಕಾಲ್‌ ವಾರಕ್ಕೆ ಎರಡು ದಿನ ಇಟ್ಟುಕೊಳ್ಳೋಣವಾ? ಉಳಿದದ್ದನ್ನು ಬರೆದು ಕಳಿಸುತ್ತೇನೆ.’ ಅವರು ‘ಸರಿ’ ಅಂದರು. ಅಷ್ಟೇ! ಎಲ್ಲರಿಗೂ ಇಷ್ಟು ಸುಲಭವಾಗಿ ಸಿಗುವುದಿಲ್ಲ, ಗೊತ್ತು. ಆದರೆ ಕೇಳದೆ ನಾನೇ ‘ಇಲ್ಲ’ ಅಂದುಕೊಂಡಿದ್ದೆ.

ಮನೆಯಲ್ಲೂ ಮಾತಾಡಬೇಕಾಯಿತು. ‘ಸ್ವಲ್ಪ ಸಹಾಯ ಮಾಡ್ರಿ’ ಅನ್ನಲಿಲ್ಲ. ‘ಬೆಳಗಿನ ಕೆಲಸದಲ್ಲಿ ನಿಮ್ಮ ಪಾಲು ಯಾವುದು?’ ಅಂದೆ. ಕನ್ನಡದ ಪಾಲು, ತೆಲುಗಿನದಲ್ಲ. ಈಗ ಮಗಳ ಡಬ್ಬಿ ಅವರದು. ಮೊದಲ ವಾರ ಉಪ್ಪಿಟ್ಟು ಗಂಟಾಗಿತ್ತು, ಮಗಳು ಹಾಗೇ ವಾಪಸ್‌ ತಂದಳು. ಈಗ ಪರವಾಗಿಲ್ಲ.

ಬುಧವಾರ, ಶನಿವಾರ ಮನೆಯಲ್ಲೇ ನೀರಿನ ಬಾಟಲಿ ಹಿಡಿದು ಇಪ್ಪತ್ತು ನಿಮಿಷ ಕಸರತ್ತು. ಎಣಿಸುವವಳು ಮಗಳು, ಅದೂ ತೆಲುಗಿನಲ್ಲಿ: ಒಕಟಿ, ರೆಂಡು, ಮೂಡು. ಹತ್ತಾದ ಮೇಲೆ ಬೇಕಂತಲೇ ಮತ್ತೆ ಒಂದರಿಂದ ಶುರುಮಾಡುತ್ತಾಳೆ.

ಡಾಕ್ಟರ ಸಲಹೆಯಂತೆ ಊಟದಲ್ಲೂ ಅನ್ನ ಕಡಿಮೆ ಮಾಡಿ ಪಲ್ಯ, ಬೇಳೆ ಹೆಚ್ಚಿಸಿದೆ. ಆರು ತಿಂಗಳಿಗೆ 5.8 ಬಂತು. ಇನ್ನೂ ಗೆರೆ ದಾಟಿಲ್ಲ, ಆದರೆ ಸರಿಯಾದ ಕಡೆಗೆ ಮುಖ ಮಾಡಿದ್ದೇನೆ. ಮಳೆಗಾಲದಲ್ಲಿ ನಡಿಗೆ ತಪ್ಪಿದ ವಾರಗಳೂ ಇವೆ. ಮುಂದಿನ ಸೋಮವಾರ ಮತ್ತೆ ಹೊರಡುತ್ತೇನೆ.

ನನ್ನ ವಿನಂತಿ ಎರಡೇ. ಬಸುರಿನಲ್ಲಿ ಸಕ್ಕರೆ ಏರಿದ್ದವರು ಇಲ್ಲಿ ಯಾರಾದರೂ ಇದ್ದರೆ, ಆಮೇಲೆ ಪರೀಕ್ಷೆ ಮಾಡಿಸಿಲ್ಲದಿದ್ದರೆ, ದಯವಿಟ್ಟು ಈ ವಾರವೇ ಮಾಡಿಸಿ. ಎರಡನೆಯದು ಹಿರಿಯರಿಗೆ. ಹೊಸದಾಗಿ ಊರಿಗೆ ಬಂದವಳನ್ನು ನಾವೆಲ್ಲ ‘ಮನೆ ಸೆಟ್‌ ಆಯ್ತಾ?’ ಅಂತ ಕೇಳುತ್ತೇವೆ. ಅದರ ಜೊತೆಗೆ ‘ನೀನು ಹೇಗಿದ್ದೀಯವ್ವಾ?’ ಅಂತಲೂ ಒಂದು ಮಾತು ಕೇಳಿ. ನನ್ನನ್ನು ಯಾರಾದರೂ ಹಾಗೆ ಕೇಳಿದ್ದರೆ ಆ ಡಬ್ಬ ಮೊದಲೇ ಬಿಚ್ಚುತ್ತಿದ್ದೆನೋ ಏನೋ.